ಟಾರ್ಪಾಲಿನ ಅಡಿಯ ನೀರು

ಥರ್ಮೋಕೋಲ್ ಮುರಿಯುವ ಸದ್ದು ಕೇಳಿದರೆ ಈಗಲೂ ನನ್ನ ಹಲ್ಲು ಜುಮ್ಮೆನ್ನುತ್ತದೆ. ಆ ವರ್ಷದ ಫೆಬ್ರವರಿಯಲ್ಲಿ, ದೋಣಿಗಲ್ಲಿನ ಹತ್ತಿರ ಹೆದ್ದಾರಿಯ ಪಕ್ಕದಲ್ಲಿರುವ ಒಂದು ಶಾಲೆಯ ಐದನೇ ತರಗತಿಯಲ್ಲಿ ಇಪ್ಪತ್ತೆಂಟು ಥರ್ಮೋಕೋಲ್ ಬೆಟ್ಟಗಳು ಸಾಲಾಗಿ ಕೂತಿದ್ದವು. ಇಪ್ಪತ್ತೆಂಟಕ್ಕೂ ಹತ್ತಿಯ ಮೋಡ, ನೀಲಿ ಪೋಸ್ಟರ್ ಕಲರಿನ ನದಿ, ಕೆಂಪು ಬಾಣ. ಸಕಲೇಶಪುರದ ಒಂದೇ ಸ್ಟೇಷನರಿ ಅಂಗಡಿಯಲ್ಲಿ ಕಿಟ್ ಸಿಕ್ಕುತ್ತಿತ್ತು, ಅಂಟಿಸಿದವರು ಅಪ್ಪ ಅಮ್ಮಂದಿರು. ಮೇಲೆ ಬ್ಯಾನರ್: ಲರ್ನಿಂಗ್ ಬೈ ಡೂಯಿಂಗ್. ಡೂಯಿಂಗ್ ಯಾರದ್ದು, ಲರ್ನಿಂಗ್ ಯಾರದ್ದು ಎಂದು ಯಾರೂ ಕೇಳಲಿಲ್ಲ. ಕಿಟಕಿ ತೆರೆದಿದ್ದರೆ ನಿಜವಾದ ಬೆಟ್ಟವೂ ಅದರ ಕುತ್ತಿಗೆಗೆ ಸುತ್ತಿಕೊಂಡ ನಿಜವಾದ ಮೋಡವೂ ಕಾಣುತ್ತಿದ್ದವು. ಲಾರಿಯ ಧೂಳು ಬರುತ್ತದೆಂದು ಕಿಟಕಿ ಹಾಕಿದ್ದರು.

ಆ ಸಾಲಿನ ಕೊನೆಯಲ್ಲಿ ಒಂದು ಸ್ಟೀಲ್ ಡಬ್ಬಿಯೂ ಇತ್ತು. ಅದರ ಬಾಯಿಗೆ ನೀಲಿ ಟಾರ್ಪಾಲಿನ ತುಂಡು ಕಟ್ಟಿತ್ತು. ನಾನು ಬರೆಯಲು ಕೂತಿರುವುದು ಆ ಡಬ್ಬಿಯ ಬಗ್ಗೆ, ಮತ್ತು ಅದನ್ನು ತಂದ ಹುಡುಗಿಗೆ ನಾನು ಮಾಡಿದ್ದರ ಬಗ್ಗೆ.

ನಾನು ಆ ಶಾಲೆಗೆ ವಾರಕ್ಕೆ ಎರಡು ದಿನ ಹೋಗುತ್ತಿದ್ದೆ. ನನಗೆ ಕೊಟ್ಟಿದ್ದ ಹೆಸರು ಅಕಾಡೆಮಿಕ್ ಮೆಂಟರ್. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾನ್ವೆಂಟಿನಲ್ಲಿ ಪಾಠ ಮಾಡಿ, ಕೊನೆಯ ಕೆಲವು ವರ್ಷ ಅಲ್ಲಿಯೇ ಹೆಡ್‌ಮಿಸ್ ಆಗಿ ನಿವೃತ್ತಳಾದವಳು ನಾನು. ಓದಿದ್ದೂ ಕಾನ್ವೆಂಟಿನಲ್ಲೇ. ಸಿಸ್ಟರುಗಳು ಕಲಿಸಿದ ಕರ್ಸಿವ್ ಬರಹ ಈ ಎಪ್ಪತ್ತನಾಲ್ಕರಲ್ಲೂ ನಡುಗುವುದಿಲ್ಲ. ಬಿ.ಎಡ್.ನಲ್ಲಿ ಎಜುಕೇಷನಲ್ ಫಿಲಾಸಫಿ ಪೇಪರಿನಲ್ಲಿ ಕಾಲೇಜಿಗೇ ನನಗೆ ಹೆಚ್ಚು ಅಂಕ ಬಂದಿತ್ತು. ಮಗುವಿನ ಅನುಭವದಿಂದ ಶುರುಮಾಡು, ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋಗು, ಮಗುವಿನ ಕೈ ಕೆಲಸ ಮಾಡದೆ ತಲೆ ಕೆಲಸ ಮಾಡುವುದಿಲ್ಲ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಕೆಂಪು ಶಾಯಿಯಲ್ಲಿ ಅಂಡರ್‌ಲೈನ್ ಮಾಡಿದ್ದೆ. ಕೆಲಸಕ್ಕೆ ಸೇರಿದ ಮೊದಲ ದಿನ ಸಿಸ್ಟರ್ ನನ್ನ ಕೈಗೆ ಸೀಮೆಸುಣ್ಣ ಮತ್ತು ಬೆತ್ತ ಎರಡನ್ನೂ ಒಟ್ಟಿಗೇ ಕೊಟ್ಟರು. ನೋಟ್‌ಬುಕ್ ಟ್ರಂಕಿನ ತಳಕ್ಕೆ ಹೋಯಿತು.

ಆದ್ದರಿಂದ ಆ ಶಾಲೆಯ ಹೆಡ್‌ಮಿಸ್ ನನ್ನನ್ನು ಕರೆದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು. ಅವಳು ನನ್ನ ವಿದ್ಯಾರ್ಥಿನಿ, ಆಮೇಲೆ ನನ್ನ ಕೈಕೆಳಗೇ ಟೀಚರಾದವಳು. ಈಗಲೂ ನನ್ನನ್ನು ಮಿಸ್ ಎಂದೇ ಕರೆಯುತ್ತಾಳೆ. "ನಮ್ಮದು ಚೈಲ್ಡ್ ಸೆಂಟರ್ಡ್ ಸ್ಕೂಲ್ ಮಿಸ್. ನಿಮ್ಮ ಥಿಯರಿ ಎಲ್ಲ ಇಲ್ಲಿ ಪ್ರಾಕ್ಟಿಕಲ್ ಮಾಡೋಣ" ಅಂದಳು. ಟ್ರಂಕು ತೆಗೆದೆ. ಜಿರಲೆ ತಿಂದ ಅಂಚಿನ ನೋಟ್‌ಬುಕ್ಕನ್ನು ಬ್ಯಾಗಿಗೆ ಹಾಕಿಕೊಂಡು ಸಕಲೇಶಪುರದಲ್ಲಿ ಬಸ್ಸು ಹತ್ತಿದೆ. ಮುದುಕಿಗೆ ಎರಡನೇ ಚಾನ್ಸ್ ಸಿಕ್ಕಿತು ಅಂದುಕೊಂಡೆ. ಹಾಗೆ ಅಂದುಕೊಂಡದ್ದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ನಾನು ಮಾಡಿದ ಮೊದಲ ಕೆಲಸ ಪ್ರಶ್ನೆಮರ. ಕಾರಿಡಾರಿನ ಗೋಡೆಯ ಮೇಲೆ ಡ್ರಾಯಿಂಗ್ ಮೇಷ್ಟ್ರ ಕೈಯಲ್ಲಿ ಒಂದು ಬೋಳುಮರ ಬರೆಸಿದೆ. ಮಕ್ಕಳಿಗೆ ಎಲೆಯಾಕಾರದ ಹಸಿರು ಕಾಗದ ಕೊಟ್ಟೆ. ಯಾವ ಭಾಷೆಯಲ್ಲಾದರೂ ಸರಿ, ತಪ್ಪಿದ್ದರೂ ಸರಿ, ನಿಮಗೆ ನಿಜವಾಗಿ ಗೊತ್ತಾಗದ್ದನ್ನು ಬರೆದು ಅಂಟಿಸಿ ಅಂದೆ. ಮೊದಲ ವಾರ ಬಂದ ಎಲೆಗಳು ಇನ್ನೂ ನೆನಪಿವೆ. ಲಾರಿ ಘಾಟಿ ಇಳಿಯುವಾಗ ಯಾಕೆ ಅಳುತ್ತೆ. ಆನೆ ಬಂದ ದಿನ ನಾಯಿ ಯಾಕೆ ಬೊಗಳಲ್ಲ. ಹೋದ ವರ್ಷ ಸತ್ತ ನಮ್ಮ ಅಜ್ಜಿಯ ಫೋನಿಗೆ ಯಾಕೆ ಇನ್ನೂ ಗುಡ್ ಮಾರ್ನಿಂಗ್ ಬರುತ್ತೆ. ಪಿ.ಟಿ. ಸಾರ್ ಯಾಕೆ ಓಡಲ್ಲ. ನಾನು ಕಾರಿಡಾರಿನಲ್ಲಿ ಒಬ್ಬಳೇ ನಿಂತು ಓದಿ ನಕ್ಕಿದ್ದೆ.

ಮೂರನೇ ವಾರ ಹೋದಾಗ ಮರ ತುಂಬಿ ತುಳುಕುತ್ತಿತ್ತು. ಆಕಾಶ ಯಾಕೆ ನೀಲಿ, ಸೇಬು ಯಾಕೆ ಕೆಳಗೆ ಬೀಳುತ್ತದೆ, ಜೇನುನೊಣ ನಮಗೆ ಹೇಗೆ ಸಹಾಯ ಮಾಡುತ್ತದೆ. ಎಲ್ಲ ಇಂಗ್ಲಿಷಿನಲ್ಲಿ, ಎಲ್ಲ ಒಂದೇ ಅಳತೆಯ ಅಕ್ಷರ. ಟೀಚರುಗಳು ಬೋರ್ಡಿನ ಮೇಲೆ ಪ್ರಶ್ನೆ ಬರೆದು ಮಕ್ಕಳಿಂದ ಕಾಪಿ ಮಾಡಿಸಿದ್ದರು. ಪ್ರಶ್ನೆ ನಂಬರ್ ಒಂದು ಮೊದಲ ಬೆಂಚಿಗೆ, ಎರಡು ಎರಡನೇ ಬೆಂಚಿಗೆ. ನೇರ ಹೆಡ್‌ಮಿಸ್ ರೂಮಿಗೆ ಹೋಗಿ ಕೇಳಿದೆ.

"ಪೇರೆಂಟ್ಸ್ ನೋಡ್ತಾರೆ ಮಿಸ್" ಅಂದಳು ಹೆಡ್‌ಮಿಸ್. "ಒಂದು ಸ್ಪೆಲಿಂಗ್ ತಪ್ಪಿದ್ರೂ ಫೋಟೋ ಹೊಡೆದು ಗ್ರೂಪಿಗೆ ಹಾಕ್ತಾರೆ. ಆಮೇಲೆ ಉತ್ತರ ಹೇಳೋಳು ನಾನು. ಇರ್ಲಿ ಬಿಡಿ, ಮರ ನಿಮ್ದೇ ತಾನೆ? ಕಾಫಿ ತರಿಸ್ಲಾ?"

ಅಸಹ್ಯಪಟ್ಟುಕೊಂಡೇ ಕಾಫಿ ಕುಡಿದೆ. ಅವತ್ತೇ ಎದ್ದು ಬಂದಿದ್ದರೆ ಮುಂದಿನದು ನನ್ನ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಜನವರಿಯ ಒಂದು ದಿನ ಕಾರಿಡಾರಿನ ಕಸದ ಬುಟ್ಟಿಯಲ್ಲಿ ಒಂದು ಹಸಿರೆಲೆ ಮುದುಡಿ ಬಿದ್ದಿತ್ತು. ಬಿಡಿಸಿ ನೋಡಿದೆ. ಪೆನ್ಸಿಲ್ಲಿನಲ್ಲಿ ಕನ್ನಡದಲ್ಲಿ ಬರೆದಿತ್ತು. "ರಾತ್ರಿ ಮಳೆ ಬಂದಿಲ್ಲ. ಬೆಳಿಗ್ಗೆ ಟಾರ್ಪಲ್ ಒಳಗೆ ನೀರು. ಯಾರು ಹಾಕಿದ್ದು."

ಕಾಫಿ ಸೀಮೆಯಲ್ಲಿ ಇರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಯ್ದ ಹಣ್ಣನ್ನು ಹಗಲೆಲ್ಲ ಕಣದಲ್ಲಿ ಹರಡಿ ಒಣಗಿಸುತ್ತಾರೆ. ಸಂಜೆ ಮಂಜು ಬೀಳುವ ಮುಂಚೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತಾರೆ. ಬೆಳಿಗ್ಗೆ ತೆಗೆದರೆ ಟಾರ್ಪಾಲಿನ ಒಳಮೈಯಲ್ಲಿ ಮಣಿಮಣಿಯಾಗಿ ನೀರು ನಿಂತಿರುತ್ತದೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ಎಲ್ಲಿಂದ ಬಂತು ಎಂದು ಕೇಳಬೇಕೆಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಬರೆದವಳು ಐದನೇ ತರಗತಿಯ ಕೊನೆಯ ಬೆಂಚಿನ ಹುಡುಗಿ. ಹೆಗ್ಗದ್ದೆ ಕಡೆಯ ಒಂದು ಎಸ್ಟೇಟಿನ ಲೈನ್ ಮನೆಯವಳು, ಅಂದರೆ ಕೂಲಿಯವರ ಸಾಲುಮನೆಯವಳು. ತಾಯಿ ಅಲ್ಲೇ ಕೂಲಿ ಕೆಲಸಕ್ಕೆ ಹೋಗುವಾಕೆ, ತಂದೆ ಇಲ್ಲ. ಎಸ್ಟೇಟ್ ಮಾಲೀಕರ ಮಾತಿನ ಮೇಲೆ ಸೀಟು ಸಿಕ್ಕಿತ್ತು. ಟೀಚರುಗಳ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಒಂದೇ ಪದ: ಸ್ಲೋ. ಅವಳನ್ನು ಕರೆದು ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡೆ.

"ಮೇಲೆ ಬಿದ್ದ ಮಂಜೇ ಸೋರಿ ಒಳಗೆ ಬಂದಿರಬೇಕಲ್ಲ?" ಅಂದೆ, ಬೇಕೆಂದೇ ತಪ್ಪಾಗಿ.

"ಇಲ್ಲ ಮಿಸ್. ಅದು ಹೊಸ ಟಾರ್ಪಲ್ಲು. ತೂತಿಲ್ಲ. ಬಿಸ್ಲಿಗೆ ಹಿಡ್ದು ನೋಡಿವ್ನಿ."

"ಮತ್ತೆ?"

"ಮೇಲಿನ್ ನೀರು ತಣ್ಣಗಿರ್ತೈತೆ. ಒಳಗಿಂದು ಅಷ್ಟು ತಣ್ಣಗಿರಕಿಲ್ಲ. ವಾಸ್ನೆನೂ ಬ್ಯಾರೆ." ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಬೈಯುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, "ನೆಕ್ಕಿ ನೋಡಿವ್ನಿ. ಮೇಲಿಂದು ಸಪ್ಪಗೈತೆ. ಒಳಗಿಂದು ಚೂರು ಒಗ್ರು" ಅಂದಳು.

ಆ ದಾರಿಯಲ್ಲಿ ಬಂದ ಸೈನ್ಸ್ ಟೀಚರ್ "ಛೀ, ನೆಕ್ಕೋದಾ? ಡರ್ಟಿ ಗರ್ಲ್" ಅಂದು ಮೂಗು ಸೊಟ್ಟ ಮಾಡಿ ಹೋದಳು. ಆ ಕ್ಷಣ ಹುಡುಗಿಯ ಬಾಯಿ ಹೇಗೆ ಮುಚ್ಚಿಕೊಂಡಿತೆಂದರೆ, ನಾನು ಮೂವತ್ತು ವರ್ಷ ಕಾನ್ವೆಂಟಿನಲ್ಲಿ ನೋಡಿದ, ನಾನೇ ಮುಚ್ಚಿಸಿದ ಎಷ್ಟೋ ಬಾಯಿಗಳು ನೆನಪಾದವು. ಲೈನಿನ ಮಕ್ಕಳಿಗೆ ಹೊಗೆಯ ವಾಸನೆ ಬರುತ್ತದೆಂದು ಕಿಟಕಿಯ ಪಕ್ಕದಲ್ಲೇ ಕೂರಿಸುತ್ತಿದ್ದವಳು ನಾನು. ವೆಂಟಿಲೇಷನ್ ಒಳ್ಳೆಯದು ಎಂದು ಅವರಿಗೇ ಕಾರಣ ಹೇಳುತ್ತಿದ್ದೆ.

ಅದೇ ವಾರದ ಸ್ಟಾಫ್ ಮೀಟಿಂಗಿನಲ್ಲಿ ಎರಡು ವಿಷಯ ಬಂದವು. ಒಂದು, ಶಾಲೆಗಳಿಗೆ ಗ್ರೇಡ್ ಕೊಡುವ ಟೀಮ್ ಫೆಬ್ರವರಿಯಲ್ಲಿ ಬರುತ್ತದೆ, ಐದನೇ ತರಗತಿಯವರು ವಾಟರ್ ಸೈಕಲ್ ತೋರಿಸಬೇಕು. ಎರಡು, ಆರನೇ ತರಗತಿಗೆ ಯಾರನ್ನು ಮುಂದೆ ಕಳಿಸುವುದಿಲ್ಲ ಎನ್ನುವ ಪಟ್ಟಿ. ಹತ್ತನೇ ತರಗತಿಯಲ್ಲಿ ನೂರಕ್ಕೆ ನೂರು ರಿಸಲ್ಟ್ ಬೇಕಾದರೆ ಜರಡಿ ಹಿಡಿಯುವ ಕೆಲಸ ಐದರಲ್ಲೇ ಶುರುವಾಗುತ್ತದೆ. ಪಟ್ಟಿಯಲ್ಲಿ ಮೊದಲ ಹೆಸರು ಈ ಹುಡುಗಿಯದು.

ಮೀಟಿಂಗ್ ಮುಗಿದ ಮೇಲೆ ಹೆಡ್‌ಮಿಸ್ ರೂಮಿಗೆ ಹೋಗಿ ಆ ಮುದುಡಿದ ಎಲೆಯನ್ನು ಮೇಜಿನ ಮೇಲಿಟ್ಟೆ. "ನಿನ್ನ ಸೈನ್ಸ್ ಟೀಚರ್ ಬೋರ್ಡಿನ ಮೇಲೆ ಬರೆಸ್ತಿರೋದನ್ನ ಈ ಹುಡುಗಿ ಕಣದಲ್ಲಿ ತಾನಾಗೇ ಕಂಡುಹಿಡಿದಿದ್ದಾಳೆ. ಇವಳು ಸ್ಲೋ ಆದ್ರೆ ನಾನು ನೀನು ಯಾವ ಸ್ಪೀಡು?"

ಅವಳು ಎಲೆಯನ್ನು ಎರಡು ಬೆರಳಿನ ತುದಿಯಲ್ಲಿ ಹಿಡಿದು ಓದಿದಳು. ಯೋಚಿಸಿದಳು. ಕೆಟ್ಟವಳಲ್ಲ ಅವಳು, ನನಗೆ ಹೆದರುತ್ತಿದ್ದ ಕಾಲದ ಮುಖ ಒಂದು ಗಳಿಗೆ ಬಂದು ಹೋಯಿತು.

"ಆಯ್ತು ಮಿಸ್. ಟೀಮ್ ಬಂದ ದಿನ ಅವಳೇ ನಿಂತು ವಾಟರ್ ಸೈಕಲ್ ಎಕ್ಸ್‌ಪ್ಲೇನ್ ಮಾಡ್ಲಿ. ಮಾಡಿದ್ರೆ ಆರನೇ ಕ್ಲಾಸಿಗೆ ಅವಳ ಸೀಟು ನನ್ನ ಜವಾಬ್ದಾರಿ. ಮಾಡ್ಲಿಲ್ಲ ಅಂದ್ರೆ ನೀವೂ ಮಧ್ಯ ಬರಬಾರದು. ಪ್ರಾಮಿಸ್?"

"ಪ್ರಾಮಿಸ್" ಅಂದೆ. ಎಷ್ಟು ಹಗುರವಾಗಿ ಅಂದೆ.

ಭಾನುವಾರ ಜೀಪು ಹಿಡಿದು ಲೈನಿಗೆ ಹೋದೆ. ತಾಯಿ ಒಲೆಯ ಮುಂದೆ ಕೂತಿದ್ದವಳು ಎದ್ದು ಸೆರಗಿನಿಂದ ಮಣೆ ಒರೆಸಿ ಕೊಟ್ಟಳು. ಆಲೂರಿನ ಕಡೆಯವಳಂತೆ. ಶುಂಠಿ ಹೊಲದ ಕೆಲಸ ಬಿಟ್ಟು ಮದುವೆಯಾಗಿ ಇಲ್ಲಿಗೆ ಬಂದವಳು. ವಿಷಯ ಹೇಳಿದೆ.

"ಇವ್ಳು ಎಲ್ಲಾರ್ ಮುಂದೆ ನಿಂತ್ಕಂಡು ಹೇಳ್ಬೇಕಾ? ಮನೇಲಿ ಬಾಯಿ ಬುಟ್ರೆ ಮುಚ್ಚಕಿಲ್ಲ ಕಣವ್ವ. ಆ ಸ್ಕೂಲಿನ್ ಗೇಟು ದಾಟಿದ್ರೆ ಕಲ್ಲಾಗೋಯ್ತಾಳೆ."

"ನಾನು ಕಲಿಸ್ತೀನಿ."

"ಕಲ್ಸಿ. ಇವ್ಳು ಅಲ್ಲೇ ಇರ್ಲಿ ಅಂತ ನಂಗಾಸೆ. ಈ ವ್ಯಾನು, ಈ ಟೈ, ಇವೆಲ್ಲ ನಂಗೇನ್ ಗೊತ್ತಿಲ್ಲ. ಕೂಲಿ ಲೆಕ್ಕ ಬರ್ಯೋ ರೈಟರ್ ಕೊಡೋ ಚೀಟಿನ ಓದಿಸ್ಕಳಕ್ಕೆ ಇನ್ನೊಬ್ರು ತಾವ ಹೋಗ್ಬಾರ್ದು ಇವ್ಳು, ಅಷ್ಟೆ." ಆಮೇಲೆ ನಕ್ಕಳು. "ಕಾಫಿ ಬೆವರೋದ್ನ ಓದಕ್ಕೆ ಅಷ್ಟು ದೊಡ್ಡ ಸ್ಕೂಲಾ? ನಮ್ ಲೈನಲ್ಲಿ ಎಲ್ಲಾರೂ ಪಾಸು ಬುಡಿ ಹಂಗಾರೆ."

ಥರ್ಮೋಕೋಲ್ ಬೇಡ, ಇರುವುದನ್ನೇ ತರಲಿ ಅಂದೆ. ತಾಯಿ ಅಟ್ಟದಿಂದ ಒಂದು ಸ್ಟೀಲ್ ಡಬ್ಬಿ ಇಳಿಸಿದಳು. ಒಳಗಿದ್ದ ಬೆಲ್ಲವನ್ನು ಕಾಗದಕ್ಕೆ ಸುರಿದಳು. ಡಬ್ಬಿಯ ಮೈಮೇಲೆ ಅವಳ ತವರಿನ ಹೆಸರನ್ನು ಚುಕ್ಕಿಚುಕ್ಕಿಯಾಗಿ ಕೊರೆದಿತ್ತು, ಮದುವೆಯಲ್ಲಿ ಕೊಟ್ಟ ಪಾತ್ರೆಗಳಿಗೆ ಕೊರೆಸುವ ಹಾಗೆ. "ವಾಪಸ್ ತಂದ್ಬುಡು ಮಗ. ಇದ್ ಬುಟ್ರೆ ಮುಚ್ಚಳ ಇರೋದು ಇನ್ನೊಂದಿಲ್ಲ, ಇರುವೆ ಮುತ್ಕತವೆ" ಅಂದಳು. ಹುಡುಗಿ ಅದಕ್ಕೆ ಅರೆ ಒಣಗಿದ ಕಾಫಿ ತುಂಬಿ, ಟಾರ್ಪಾಲಿನ ತುಂಡನ್ನು ಬಾಯಿಗೆ ಬಿಗಿದು ಕಟ್ಟಿದಳು. ಮಾರನೆಯ ಬೆಳಿಗ್ಗೆ ತೆಗೆದರೆ ಒಳಗೆ ನೀರ ಮಣಿ. ಇಷ್ಟು ಚೆಂದದ ಟೀಚಿಂಗ್ ಏಡ್ ಅನ್ನು ನಾನು ನನ್ನ ಇಡೀ ಸರ್ವಿಸಿನಲ್ಲಿ ನೋಡಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ನನಗೆ ಭಯವಾಯಿತು. ಟೀಮಿನವರು ಇಂಗ್ಲಿಷಿನಲ್ಲಿ ಕೇಳಿದರೆ? ಕಾಫಿ ಬೆವರುತ್ತದೆ ಎಂದರೆ ನಕ್ಕರೆ? ಹದಿನೈದು ದಿನ, ಇದಕ್ಕೆಂದೇ ದಿನವೂ ಶಾಲೆಗೆ ಹೋಗಿ, ಮಧ್ಯಾಹ್ನದ ಬಿಡುವಿನಲ್ಲಿ ಅವಳನ್ನು ಲೈಬ್ರರಿಯಲ್ಲಿ ಕೂರಿಸಿಕೊಂಡು ಪದ ಕಲಿಸಿದೆ. ಇವಾಪೊರೇಷನ್. ಕಂಡೆನ್ಸೇಷನ್. ಪ್ರೆಸಿಪಿಟೇಷನ್. ನಾಲಿಗೆ ಹೊರಳದಿದ್ದರೆ ಇನ್ನೊಮ್ಮೆ, ಮತ್ತೊಮ್ಮೆ. ಎದೆ ಸೆಟೆಸಿ ನಿಲ್ಲು, ಕೈ ಹಿಂದೆ ಕಟ್ಟು, ಗುಡ್ ಮಾರ್ನಿಂಗ್ ರೆಸ್ಪೆಕ್ಟೆಡ್ ಗೆಸ್ಟ್ಸ್. ಬೆತ್ತವೊಂದು ಮಾತ್ರ ಇರಲಿಲ್ಲ. ನಾನು ಹೇಳಿಕೊಟ್ಟದ್ದನ್ನು ಅವಳು ಹೇಳುತ್ತಿದ್ದಳು, ತಪ್ಪಿಲ್ಲದೆ, ಆ ಪದಗಳಿಗೂ ಡಬ್ಬಿಗೂ ಏನೇನೂ ಸಂಬಂಧವಿಲ್ಲ ಎನ್ನುವ ಹಾಗೆ. ಪ್ರಶ್ನೆ ಕೇಳುವುದನ್ನು ಬಿಟ್ಟುಬಿಟ್ಟಿದ್ದಳು. ನಾನು ಅದನ್ನು ಶ್ರದ್ಧೆ ಅಂದುಕೊಂಡೆ.

ಟೀಮ್ ಬರಬೇಕಾಗಿದ್ದದ್ದು ಸೋಮವಾರ. ಡಬ್ಬಿಗೆ ಹೊಸದಾಗಿ ಕಾಫಿ ತುಂಬಿ ಸೋಮವಾರವೇ ತಂದಿದ್ದಳು. ಆದರೆ ಘಾಟಿಯಲ್ಲಿ ಟ್ಯಾಂಕರ್ ಮಗುಚಿ ರಸ್ತೆ ಬಂದ್ ಆಗಿ, ಗುರುವಾರಕ್ಕೆ ಮುಂದೆ ಹೋಯಿತು. ಸಂಜೆ ಹುಡುಗಿ ನನ್ನ ಬಳಿ ಬಂದಳು.

"ಮಿಸ್, ಡಬ್ಬಿ ಬಿಚ್ಚಿ ಕೈಯಾಡಿಸ್ಬೇಕು."

"ಯಾಕೆ?"

"ದಿನಾ ಬಿಚ್ಚಿ ತಿರುವಿ ಬಿಸ್ಲಿಗೆ ಇಡ್ಬೇಕು. ಇಲ್ಲಾಂದ್ರೆ ಮುಗ್ಗಲು ಬರ್ತೈತೆ. ಮನೆಗ್ ತಗಂಡೋಗಿ ಬೇಸ್ತ್ವಾರ ಹೊಸಾದು ತರ್ಲಾ?"

"ಬೇಡ ಬೇಡ" ಅಂದೆ ನಾನು. "ಬಿಚ್ಚಿದ್ರೆ ನೀರೆಲ್ಲ ಹೋಗಿಬಿಡುತ್ತೆ. ಹಾಗೇ ಇರ್ಲಿ, ಇನ್ನೂ ಜಾಸ್ತಿ ನೀರು ಬರ್ಲಿ. ಗೆಸ್ಟ್‌ಗಳ ಮುಂದೆ ಬಿಚ್ಚಿದ್ರೆ ಚೆನ್ನಾಗಿ ಕಾಣ್ಸುತ್ತೆ."

ಅವಳು ಏನೋ ಹೇಳಲು ಬಾಯಿ ತೆರೆದಳು. ಆಮೇಲೆ "ಎಸ್ ಮಿಸ್" ಅಂದಳು. ನಾನು ಕಲಿಸಿದ್ದೇ ಅದು.

ಹುಟ್ಟಿದಾಗಿನಿಂದ ಕಾಫಿಯ ಮಧ್ಯೆ ಇದ್ದೇನೆ ಎಂದು ಮೇಲೆ ಬರೆದೆ. ಇದ್ದದ್ದು ಬಂಗಲೆಯ ಬದಿಯಲ್ಲಿ, ಲೋಟದ ಬದಿಯಲ್ಲಿ. ಮುಚ್ಚಿಟ್ಟ ಹಸಿ ಕಾಫಿ ಮೂರು ದಿನಕ್ಕೆ ಏನಾಗುತ್ತದೆ ಎನ್ನುವುದು ಲೈನಿನ ಐದು ವರ್ಷದ ಕೂಸಿಗೆ ಗೊತ್ತು. ಎಜುಕೇಷನಲ್ ಫಿಲಾಸಫಿಯಲ್ಲಿ ಹೆಚ್ಚು ಅಂಕ ತೆಗೆದವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಬಂದು ಹೇಳಿದರೂ ಕೇಳಲಿಲ್ಲ.

ಗುರುವಾರ ಬಂದದ್ದು ಮೂವರು. ಒಬ್ಬರು ಕೋಟಿನವರು, ಒಬ್ಬ ಹೆಂಗಸು, ಒಬ್ಬರು ವಯಸ್ಸಾದವರು. ಗೇಟಿನಲ್ಲಿ ಆರತಿ, ಹಣೆಗೆ ಕುಂಕುಮ, ಕೈಗೆ ಎಳನೀರು. ತರಗತಿಯ ಒಳಗೆ ಮಕ್ಕಳು ಎರಡು ಸಲ ಚಪ್ಪಾಳೆ ಹೊಡೆದು ವಾವ್ ಅಂದರು. ಅದಕ್ಕೂ ಒಂದು ವಾರ ರಿಹರ್ಸಲ್ ಆಗಿತ್ತು. ಪ್ರಶ್ನೆಮರದ ಮುಂದೆ ಕೋಟಿನವರು ನಿಂತು, "ಇವೆಲ್ಲ ಚಿಲ್ಡ್ರನ್ಸ್ ಓನ್ ಕ್ವೆಶ್ಚನ್ಸಾ?" ಅಂದರು. "ಕಂಪ್ಲೀಟ್ಲಿ ಸ್ಪಾಂಟೇನಿಯಸ್ ಸರ್" ಅಂದಳು ಹೆಡ್‌ಮಿಸ್, ಕಣ್ಣು ಮಿಟುಕಿಸದೆ. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ನನ್ನ ಹುಡುಗಿಯ ಸೀಟು ಅವಳ ಕೈಯಲ್ಲಿತ್ತು ಎಂದು ನೆಪ ಹೇಳಿಕೊಂಡೆ.

ಇಪ್ಪತ್ತೆಂಟು ಬೆಟ್ಟಗಳಲ್ಲಿ ನಾಲ್ಕನ್ನು ನೋಡಿ ಹುಡುಗಿಯ ಬಳಿಗೆ ಬಂದರು. ಅವಳು ಕೈ ಹಿಂದೆ ಕಟ್ಟಿ, ಗುಡ್ ಮಾರ್ನಿಂಗ್ ರೆಸ್ಪೆಕ್ಟೆಡ್ ಗೆಸ್ಟ್ಸ್ ಅಂದಳು. ದಾರ ಬಿಚ್ಚಿದಳು. ಟಾರ್ಪಾಲು ಎತ್ತಿದಳು.

ವಾಸನೆ ಮೊದಲು ಬಂತು. ಹುಳಿ, ಮುಗ್ಗಲು, ಕೊಳೆತ ಸಿಪ್ಪೆ ಎಲ್ಲ ಕೂಡಿದ ವಾಸನೆ, ಮುಚ್ಚಿದ ಕಿಟಕಿಗಳ ಕೋಣೆಯಲ್ಲಿ. ಕಾಫಿಯ ಮೇಲೆ ಬಿಳಿಯ ಬೂಷ್ಟು ಹತ್ತಿಯ ಹಾಗೆ ಬೆಳೆದಿತ್ತು. ಹೆಂಗಸು ದುಪ್ಪಟ್ಟದಿಂದ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಹೋದರು. ಮಕ್ಕಳು ಥೂ ಅಂದರು. ಸೈನ್ಸ್ ಟೀಚರ್ ಸ್ಯಾನಿಟೈಸರ್ ಬಾಟಲಿ ಹಿಡಿದು ಓಡಿಬಂದಳು.

"ವಾಟ್ ಈಸ್ ದಿಸ್ ಪ್ರೋಸೆಸ್ ಕಾಲ್ಡ್?" ಕೋಟಿನವರು ಕರವಸ್ತ್ರದ ಒಳಗಿನಿಂದ ಕೇಳಿದರು.

ಹುಡುಗಿ ಡಬ್ಬಿಯನ್ನೇ ನೋಡುತ್ತಿದ್ದಳು. ಹದಿನೈದು ದಿನ ಉರು ಹೊಡೆದ ಮೂರು ಪದಗಳಲ್ಲಿ ಒಂದೂ ಬರಲಿಲ್ಲ. ಯಾಕೆ ಬರಬೇಕು? ಡಬ್ಬಿಯಲ್ಲಿ ಆಗಿದ್ದಕ್ಕೆ ಆ ಹೆಸರುಗಳಿರಲಿಲ್ಲ.

ವಯಸ್ಸಾದವರು ಬಗ್ಗಿ, "ಏನಾಗಿದೆ ಮಗು ಇದಕ್ಕೆ?" ಅಂತ ಕನ್ನಡದಲ್ಲಿ ಕೇಳಿದರು.

"ಕೆಟ್ಟೋಗೈತೆ ಸಾರ್. ದಿನಾ ತಿರುವಿದ್ರೆ ಕೆಡ್ತಿರ್ಲಿಲ್ಲ."

"ಮತ್ತೆ ಯಾಕೆ ತಿರುವಲಿಲ್ಲ?"

ಅವಳು ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ, ಅದು ನನಗೆ ಗೊತ್ತಾಯಿತು. "ಮರ್ತೋಗ್ಬುಟ್ಟೆ ಸಾರ್" ಅಂದಳು.

ನಾನು ಆಗ ಹೇಳಬೇಕಿತ್ತು. ಮೂರು ಮಾತು ಸಾಕಿತ್ತು: ನಾನೇ ಬೇಡ ಅಂದದ್ದು. ಆ ಮೂರು ಮಾತನ್ನು ಎಪ್ಪತ್ತು ದಾಟಿದ ಹೆಂಗಸು ಹೊರಗಿನವರ ಮುಂದೆ ಹೇಳಲಾರದೆ ಹೋದಳು. ಅಷ್ಟರಲ್ಲಿ ಪಕ್ಕದ ಥರ್ಮೋಕೋಲಿನ ಹುಡುಗಿ ಗಿಣಿಯ ಹಾಗೆ ಮೂರೂ ಪದ ಒಪ್ಪಿಸಿ ಚಪ್ಪಾಳೆ ತೆಗೆದುಕೊಂಡಳು. ವಯಸ್ಸಾದವರು ಮಾತ್ರ ಡಬ್ಬಿಯ ಕಡೆ ತಿರುಗಿ ತಿರುಗಿ ನೋಡುತ್ತ, ಏನೋ ಬರೆದುಕೊಂಡು ಹೋದರು.

ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಹೆಡ್‌ಮಿಸ್ ನನ್ನನ್ನು ರೂಮಿಗೆ ಕರೆದಳು. ಹುಡುಗಿಯ ತಾಯಿ ಬಾಗಿಲ ಬಳಿ ನಿಂತಿದ್ದಳು, ಹಬ್ಬದ ಸೀರೆ ಉಟ್ಟು. ಪಕ್ಕದಲ್ಲಿ ಹುಡುಗಿ, ಟೈ ಸಮೇತ.

"ಕಂಡೀಷನ್ ಏನಿತ್ತು ಮಿಸ್?" ಹೆಡ್‌ಮಿಸ್ ನನ್ನನ್ನು ಮೃದುವಾಗಿಯೇ ಕೇಳಿದಳು. "ಎಕ್ಸ್‌ಪ್ಲೇನ್ ಮಾಡ್ಬೇಕು ಅಂತ. ಮಾಡಿದ್ಲಾ?"

"ತಪ್ಪು ನನ್ನದು. ಡಬ್ಬಿ ಬಿಚ್ಚಬೇಡ ಅಂದದ್ದು ನಾನು. ಇನ್ನೊಂದು ಅವಕಾಶ ಕೊಡು."

"ಮಧ್ಯ ಬರಲ್ಲ ಅಂತ ಪ್ರಾಮಿಸ್ ಮಾಡಿದ್ರಿ." ಆಮೇಲೆ ತಾಯಿಯ ಕಡೆ ತಿರುಗಿ ಒಂದು ಕಾಗದ ಮುಂದೆ ಚಾಚಿದಳು. "ಇಲ್ಲಿ ಸೈನ್ ಮಾಡಮ್ಮ. ಟಿ.ಸಿ. ನೀವೇ ಕೇಳಿದ ಹಾಗೆ ಇರುತ್ತೆ. ಮಗು ಮೇಲೆ ಫೇಲ್ ಅಂತ ಬರಲ್ಲ."

ನಾನು ಕಾಗದ ನೋಡಿದೆ. "ನಮ್ಮ ಸ್ವಂತ ಅನುಕೂಲ ಹಾಗೂ ಮಗುವಿನ ಸರ್ವತೋಮುಖ ಹಿತದೃಷ್ಟಿಯಿಂದ, ಯಾರ ಒತ್ತಾಯವೂ ಇಲ್ಲದೆ, ವರ್ಗಾವಣೆ ಪತ್ರವನ್ನು ಕೋರುತ್ತೇವೆ." ಇನ್ನೊಮ್ಮೆ ಓದಿದೆ. ಸರ್ವತೋಮುಖ ಎನ್ನುವ ಪದ ನನ್ನದು. ಯಾರ ಒತ್ತಾಯವೂ ಇಲ್ಲದೆ ಎನ್ನುವುದಕ್ಕೆ ಆ ಕಡೆ ಈ ಕಡೆ ಅಲ್ಪವಿರಾಮ ಹಾಕಿದವಳೂ ನಾನೇ. ಕಾನ್ವೆಂಟಿನಲ್ಲಿ ಹೆಡ್‌ಮಿಸ್ ಆಗಿದ್ದಾಗ ಇಂಥದೇ ಮಕ್ಕಳನ್ನು ಕಳಿಸಲು ಒಂದು ಸಂಜೆ ಕೂತು, ಫೈನ್ ಡ್ರಾಫ್ಟ್ ಎಂದು ನನಗೆ ನಾನೇ ಮೆಚ್ಚಿಕೊಂಡು ಬರೆದ ಪತ್ರ ಅದು.

ಹೆಡ್‌ಮಿಸ್ ನನ್ನ ಮುಖ ನೋಡಿ ಹೇಳಿದಳು, "ನಿಮ್ಮ ಫೈಲಿಂದೇ ಇಟ್ಕೊಂಡಿದ್ದೆ ಮಿಸ್. ಇಷ್ಟು ಡೀಸೆಂಟಾಗಿ ನನಗೆ ಬರೆಯೋಕೆ ಬರಲ್ಲ."

ಅದರಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ತಾಯಿ ನನ್ನನ್ನು ನೋಡಿದಳು. ಓದಿ ಹೇಳಲಿ ಎಂದು ಕಾಯುತ್ತಿದ್ದಳು. ಓದಿ ಹೇಳಿದೆ, ಪೂರ್ತಿ. "ಹಂಗಾರೆ ನಾವೇ ಬ್ಯಾಡ ಅಂದ್ವಾ?" ಅಂದಳು. ಹುಡುಗಿ ಅಮ್ಮನ ಕೈಗೆ ಪೆನ್ನು ಕೊಟ್ಟು, ಎಲ್ಲಿ ಸೈನ್ ಮಾಡಬೇಕೆಂದು ಬೆರಳಿಟ್ಟು ತೋರಿಸಿದಳು. ಅಷ್ಟು ಓದಲು ಅವಳಿಗೆ ಬರುತ್ತಿತ್ತು.

ಹೊರಡುವಾಗ ತಾಯಿ ಒಂದೇ ಒಂದು ಮಾತು ಕೇಳಿದಳು. "ಮೇಡಮ್ಮಾರೆ, ನಮ್ ಡಬ್ಬಿ ಸಿಕ್ಕಿದ್ರೆ ಕೊಡ್ಸಿ."

"ಹುಡುಕಿಸ್ತೀನಮ್ಮ" ಅಂದಳು ಹೆಡ್‌ಮಿಸ್.

ಹುಡುಕಿಸುವುದೇನೂ ಇರಲಿಲ್ಲ. ಅವರು ಹೋದ ಮೇಲೆ ಕಾರಿಡಾರಿಗೆ ಬಂದರೆ, ಗಾಜಿನ ಶೋಕೇಸಿನ ನಡುವಿನ ಹಲಗೆಯ ಮೇಲೆ, ಕಬಡ್ಡಿ ಕಪ್ಪಿನ ಪಕ್ಕದಲ್ಲಿ, ಡಬ್ಬಿ ಕೂತಿತ್ತು. ತೊಳೆದು ಹೊಳಪು ಬರಿಸಿದ್ದರು. ಒಳಗೆ ಅಂಗಡಿಯ ಒಣ ಕಾಫಿ ಬೀಜ. ಮೇಲೆ ಹೊಸ ನೀಲಿ ಪ್ಲಾಸ್ಟಿಕ್ಕು, ಸ್ಯಾಟಿನ್ ರಿಬ್ಬನ್ನು. ವಯಸ್ಸಾದವರು ತಮ್ಮ ವರದಿಯಲ್ಲಿ ಸ್ಥಳೀಯ ಸಾಮಗ್ರಿಯಿಂದ ಕಲಿಸುವ ಪ್ರಯೋಗ ಎಂದು ಅದನ್ನೊಂದನ್ನೇ ಹೊಗಳಿದ್ದರಂತೆ, ಅದರಿಂದಲೇ ಶಾಲೆಯ ಗ್ರೇಡು ಏರಿತ್ತಂತೆ. ಡಬ್ಬಿಯ ಮೈಗೆ ಮಿರಮಿರ ಮಿಂಚುವ ಸ್ಟಿಕ್ಕರ್ ಅಂಟಿಸಿದ್ದರು: ಅವರ್ ಇನೋವೇಷನ್. ಅದು ಕೂತಿದ್ದದ್ದು ಸರಿಯಾಗಿ ಆ ಚುಕ್ಕಿಚುಕ್ಕಿ ಹೆಸರಿನ ಮೇಲೆ.

ಇಷ್ಟು ವರ್ಷದಲ್ಲಿ ಬೆತ್ತ ನೋಡಿದ್ದೇನೆ, ಕಿವಿ ಹಿಂಡುವುದು ನೋಡಿದ್ದೇನೆ, ಎರಡನ್ನೂ ಮಾಡಿದ್ದೇನೆ. ಆ ಸ್ಟಿಕ್ಕರಿನಷ್ಟು ಹೇಸಿಗೆಯದನ್ನು ನೋಡಿಲ್ಲ. ಶೋಕೇಸಿಗೆ ಬೀಗವಿರಲಿಲ್ಲ. ಬಾಗಿಲು ಸರಿಸಿ, ಪ್ಲಾಸ್ಟಿಕ್ಕು, ರಿಬ್ಬನ್ನು, ಬೀಜ ಎಲ್ಲವನ್ನೂ ಪ್ರಶ್ನೆಮರದ ಬುಡದ ಕಸದ ಬುಟ್ಟಿಗೆ ಸುರಿದು, ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡೆ. ನೋಟ್‌ಬುಕ್ಕಿಗೆ ಜಾಗವಾಗಲಿಲ್ಲ. ಅದನ್ನೂ ಬುಟ್ಟಿಗೇ ಹಾಕಿದೆ. ಮುಂದಿನ ವಾರದಿಂದ ಹೋಗಲಿಲ್ಲ. ಅದರಿಂದ ಅಲ್ಲಿ ಯಾರಿಗೂ ಏನೂ ಆದ ಹಾಗಿಲ್ಲ.

ಲೈನಿಗೆ ಹೋದದ್ದು ಮಾರನೆಯ ದಿನ ಮಧ್ಯಾಹ್ನ. ಕಣ ಖಾಲಿಯಾಗಿತ್ತು, ಒಂದು ಮೂಲೆಯಲ್ಲಿ ಮಾತ್ರ ಮೆಣಸು ಒಣಗುತ್ತಿತ್ತು. ಹುಡುಗಿ ಕೋಲು ಹಿಡಿದು ಕೋಳಿ ಕಾಯುತ್ತಿದ್ದಳು. ಜೂನಿಗೆ ಊರಿನ ಸರ್ಕಾರಿ ಸ್ಕೂಲಿಗೆ ಸೇರಿಸುತ್ತೇವೆ, ಆರನೆಯದಕ್ಕೇ ತಗೋತಾರಂತೆ ಅಂದಳು ತಾಯಿ. ಡಬ್ಬಿಯನ್ನು ತಿರುಗಿಸಿ ಸ್ಟಿಕ್ಕರನ್ನು ಉಗುರಿನಿಂದ ಕೆರೆದಳು. ಅರ್ಧ ಬಂತು, ಅರ್ಧ ಉಳಿಯಿತು.

"ಇರ್ಲಿ ಬುಡಿ, ಸೀಮೆಎಣ್ಣೆ ಹಾಕಿ ಉಜ್ಜಿದ್ರೆ ಹೋಯ್ತೈತೆ" ಅಂದಳು.

ನಾನು ಹುಡುಗಿಯ ಪಕ್ಕದಲ್ಲಿ ಕಣದ ಕಟ್ಟೆಯ ಮೇಲೆ ಕೂತೆ. ಕ್ಷಮಿಸು ಎಂದು ಹೇಳಲು ಹೋಗಿದ್ದೆ. ಮಕ್ಕಳಿಗೆ ಆ ಮಾತು ಹೇಳಿ ಅಭ್ಯಾಸವಿಲ್ಲದೆ ಕಾನ್ವೆಂಟಿನ ಇಂಗ್ಲಿಷಿನಲ್ಲಿ ಸಾರಿ ಅಂದೆ. ಅವಳು ತಲೆಯಾಡಿಸಿದಳು. ಒಂದು ಕೋಳಿಯನ್ನು ಅಟ್ಟಿ ಬಂದಳು.

"ಮಿಸ್, ಆ ನೀರು ಎಲ್ಲಿಂದ ಬತ್ತೈತೆ ಅಂತ ನೀವು ಹೇಳ್ಲೇ ಇಲ್ಲ."

ಹದಿನೈದು ದಿನ. ದಿನಕ್ಕೆ ಮುಕ್ಕಾಲು ಗಂಟೆ. ನಾನು ಅವಳಿಗೆ ಮೂರು ಹೆಸರು ಕಲಿಸಿದ್ದೆ, ನಿಲ್ಲುವುದನ್ನು ಕಲಿಸಿದ್ದೆ. ಅವಳು ಕೇಳಿದ್ದಕ್ಕೆ ಉತ್ತರ ಕೊಟ್ಟಿರಲಿಲ್ಲ. ಈಗಲೂ ಬಾಯಿಗೆ ಮೊದಲು ಬಂದದ್ದು ಕಂಡೆನ್ಸೇಷನ್. ಅದನ್ನು ನುಂಗಿಕೊಂಡೆ.

"ನಿನಗೇನನ್ನಿಸುತ್ತೆ?"

ಅವಳು ಕೋಲಿನಿಂದ ಕಣದ ಸಿಮೆಂಟನ್ನು ತಟ್ಟುತ್ತ ಯೋಚಿಸಿದಳು. "ಹೊರಗಿಂದ್ ಯಾರೂ ಹಾಕಕಿಲ್ಲ ಮಿಸ್. ಹಣ್ಣಿಂದೇ ನೀರು ಅದು. ಬೆಚ್ಚಗಾಗಿ ಮ್ಯಾಕ್ ಎದ್ದು, ಟಾರ್ಪಲ್ ತಣ್ಣಗಿರ್ತೈತಲ್ಲ, ಅಲ್ಲಿ ತಗುಲ್ಕಂಬುಡ್ತೈತೆ. ಹೋಗಕ್ಕೆ ದಾರಿ ಇಲ್ಲಾಂದ್ರೆ ಅಲ್ಲೇ ಕೂತು ಎಲ್ಲಾನೂ ಕೆಡಿಸ್ತೈತೆ."

"ಸರಿ" ಅಂದೆ.

ತಾಯಿ ಒಳಗಿನಿಂದ, ಕೊನೆಯ ಜೀಪು ಹೊರಟುಬಿಡುತ್ತದೆ, ಎದ್ದೇಳಿ ಎಂದು ಕೂಗಿದಳು. ಹುಡುಗಿ ಮೆಣಸಿನ ಮೇಲೆ ಕೈಯಾಡಿಸಿ, ಕೆಳಗಿನದನ್ನು ಮೇಲೆ ತಂದು, ಮತ್ತೆ ತೆಳ್ಳಗೆ ಹರಡಿದಳು. ನನಗೂ ಒಂದು ಮೂಲೆ ಬಿಟ್ಟುಕೊಟ್ಟಳು. ನಾನು ಗುಡ್ಡೆ ಮಾಡಿದ್ದನ್ನು ಎರಡು ಸಲ ತಿದ್ದಿದಳು.